389 ಚಿನ್ನ; ಎರಡನೇ ಸ್ಥಾನದವರು ಎಲ್ಲಿ?

ಗಾಲಿಕುರ್ಚಿ ಕ್ರೀಡಾಪಟು ಮಾಲತಿ ಹೊಳ್ಳ ಅವರ ಹೆಸರು ಎಲ್ಲಿ ಬಂದರೂ ಹಿಂದೆಯೇ ಮೂರು ಅಂಕಿಗಳು ಬರುತ್ತವೆ: 389 ಚಿನ್ನ, 27 ಬೆಳ್ಳಿ, 5 ಕಂಚು. ಒಂದು ಪತ್ರಿಕೆಯಿಂದ ಇನ್ನೊಂದು ಪತ್ರಿಕೆ ಇಳಿಸಿಕೊಂಡಿದೆ, ಸನ್ಮಾನ ಸಮಾರಂಭದ ಭಾಷಣಕಾರರು ಅಲ್ಲಿಂದ ಎತ್ತಿಕೊಂಡಿದ್ದಾರೆ. ಯಾರೂ ಕೂಡಿ ಕಳೆದು ನೋಡಿದಂತಿಲ್ಲ. ನಾನು ನೋಡಿದ್ದು ಬೇರೆ ಕಾರಣಕ್ಕೆ. ಆಂಧ್ರದ ಗಡಿಯ ಹಿಂದೂಪುರ, ಕಲ್ಯಾಣದುರ್ಗದ ಕಡೆಯ ಕನ್ನಡ ಮನೆಗಳಿಂದ ಗಾಲಿಕುರ್ಚಿಯ ಕ್ರೀಡೆಗೆ ಹೋದವರ ಜಾಡು ಹಿಡಿಯಬೇಕೆಂದು ಹೊರಟಿದ್ದೆ. ಕರ್ನಾಟಕದ ದಾಖಲೆಗಳಿಂದಲೇ ಶುರು ಮಾಡೋಣ ಎಂದುಕೊಂಡೆ. ಹಿಂದೂಪುರದಿಂದ ಬೆಂಗಳೂರು ನೂರು ಕಿಲೋಮೀಟರಿನ ಆಸುಪಾಸು. ಗೌರಿಬಿದನೂರಿನ ಮೇಲೆ ರೈಲು ಹತ್ತಿದರೆ ಆಯಿತು. ದೊಡ್ಡಾಸ್ಪತ್ರೆಗೆ, ಕೆಲಸಕ್ಕೆ, ಮದುವೆಯ ಸೀರೆಗೆ ಆ ಊರಿನವರು ಬರುವುದು ಇಲ್ಲಿಗೇ. ಆಟಕ್ಕೂ ಇಲ್ಲಿಗೇ ಬಂದಿರಬೇಕಲ್ಲ?

ಕರ್ನಾಟಕದ ಗಾಲಿಕುರ್ಚಿ ಕ್ರೀಡೆ ಎಂದರೆ ಮೊದಲು ಎದುರಾಗುವುದು ಮಾಲತಿ ಹೊಳ್ಳ. 1958ರ ಜುಲೈ 6ರಂದು ಹುಟ್ಟಿದವರು. ತಂದೆ ಕೃಷ್ಣಮೂರ್ತಿ ಹೊಳ್ಳ ಸಣ್ಣ ಹೋಟೆಲು ನಡೆಸುತ್ತಿದ್ದರು, ತಾಯಿ ಪದ್ಮಾವತಿ ನಾಲ್ಕು ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು. ಎಳವೆಯಲ್ಲಿ ಬಂದ ಜ್ವರ ಪೋಲಿಯೊ ಆಗಿ ಇಡೀ ಮೈ ಮರಗಟ್ಟಿತು. ಎರಡು ವರ್ಷಕ್ಕೂ ಮೇಲೆ ವಿದ್ಯುತ್ ಶಾಕ್ ಕೊಟ್ಟ ಮೇಲೆ ಸೊಂಟದ ಮೇಲಿನ ಭಾಗಕ್ಕೆ ಕಸುವು ಬಂತು, ಕೆಳಗಿನದಕ್ಕೆ ಬರಲಿಲ್ಲ. ಆಮೇಲೆ ಶಸ್ತ್ರಚಿಕಿತ್ಸೆಗಳ ಸಾಲು. ಸಿಂಡಿಕೇಟ್ ಬ್ಯಾಂಕಿನ ಕೆಲಸ, ಅದರ ಜೊತೆಗೆ ಮೈದಾನ. ಗಾಲಿಕುರ್ಚಿಯಲ್ಲಿ 200 ಮೀಟರ್ ಓಟ, ಕೂತು ಗುಂಡು ಎಸೆತ, ಡಿಸ್ಕಸ್, ಜಾವೆಲಿನ್. 1995ರಲ್ಲಿ ಅರ್ಜುನ, 2001ರಲ್ಲಿ ಪದ್ಮಶ್ರೀ. 2009ರಲ್ಲಿ ಅನಂತಕೃಷ್ಣನ್ ಅವರು ಬರೆದ ಇಂಗ್ಲಿಷ್ ಜೀವನಚರಿತ್ರೆಯೂ ಬಂತು.

ಇಲ್ಲಿಯವರೆಗೆ ದಾರಿ ನೇರ. ಕೂಟಗಳ ಪಟ್ಟಿಗೆ ಬಂದಾಗ ತೊಡಕು ಶುರುವಾಯಿತು.

ಅವರ ಬಗೆಗಿನ ಬರಹಗಳಲ್ಲಿ ಒಂದು ಸಾಲು ತಪ್ಪದೆ ಇರುತ್ತದೆ: ಬೀಜಿಂಗ್, ಬ್ಯಾಂಕಾಕ್, ದಕ್ಷಿಣ ಕೊರಿಯಾ, ಕೌಲಾಲಂಪುರದ ಏಷ್ಯನ್ ಗೇಮ್ಸ್‌ನಲ್ಲಿ ಭಾರತವನ್ನು ಪ್ರತಿನಿಧಿಸಿದ್ದಾರೆ ಎಂದು. ಏಷ್ಯನ್ ಗೇಮ್ಸ್‌ನ ಪಟ್ಟಿ ತೆಗೆದರೆ ಬೀಜಿಂಗ್ 1990, ಬ್ಯಾಂಕಾಕ್ 1998, ದಕ್ಷಿಣ ಕೊರಿಯಾದ ಬೂಸಾನ್ 2002 ಸಿಗುತ್ತವೆ. ಕೌಲಾಲಂಪುರ ಸಿಗುವುದಿಲ್ಲ. ಆ ಊರು ಏಷ್ಯನ್ ಗೇಮ್ಸ್ ನಡೆಸಿಯೇ ಇಲ್ಲ. ಹಾಗಾದರೆ ಮಾಲತಿ ಹೋದದ್ದು ಎಲ್ಲಿಗೆ?

ಈ ಒಂದು ಊರಿನ ಹೆಸರೇ ಗಂಟು ಬಿಡಿಸಿತು. ಜಪಾನಿನ ಒಯಿತಾದಲ್ಲಿ ಯುತಕ ನಕಮುರ ಎಂಬ ಮೂಳೆ ವೈದ್ಯರಿದ್ದರು. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಗೆ ಹೋಗಿ, ಬೆನ್ನುಹುರಿ ಮುರಿದುಕೊಂಡ ಸೈನಿಕರಿಗೆ ಲುಡ್ವಿಗ್ ಗುಟ್‌ಮನ್ ಆಟ ಆಡಿಸುತ್ತಿದ್ದುದನ್ನು ಕಂಡು ಬಂದವರು. ಅವರ ಮುತುವರ್ಜಿಯಿಂದ 1975ರಲ್ಲಿ ಒಯಿತಾದಲ್ಲೇ ದೂರಪ್ರಾಚ್ಯ ಮತ್ತು ದಕ್ಷಿಣ ಪೆಸಿಫಿಕ್ ದೇಶಗಳ ಅಂಗವಿಕಲರ ಕ್ರೀಡಾಕೂಟ ಶುರುವಾಯಿತು. ಕ್ರೀಡಾವಲಯದಲ್ಲಿ ಅದಕ್ಕೆ ಫೆಸ್ಪಿಕ್ ಎಂದು ಹೆಸರು. ಅದರ ಪಟ್ಟಿ ಹೀಗಿದೆ: 1994 ಬೀಜಿಂಗ್, 1999 ಬ್ಯಾಂಕಾಕ್, 2002 ಬೂಸಾನ್, 2006 ಕೌಲಾಲಂಪುರ. ನಾಲ್ಕಕ್ಕೆ ನಾಲ್ಕೂ ಕೂತವು, ಅದೇ ಕ್ರಮದಲ್ಲಿ. ಕೌಲಾಲಂಪುರದ್ದೇ ಕೊನೆಯ ಫೆಸ್ಪಿಕ್. 2010ರಲ್ಲಿ ಗುವಾಂಗ್‌ಝೌನಲ್ಲಿ ಏಷ್ಯನ್ ಪ್ಯಾರಾ ಗೇಮ್ಸ್ ಶುರುವಾಗಿ ಫೆಸ್ಪಿಕ್ ಮುಗಿದುಹೋಯಿತು.

ವರದಿಗಾರರಿಗೆ ಫೆಸ್ಪಿಕ್ ಎಂದರೆ ಓದುಗರಿಗೆ ತಿಳಿಯಲಿಕ್ಕಿಲ್ಲ ಅನ್ನಿಸಿರಬೇಕು. ಏಷ್ಯನ್ ಗೇಮ್ಸ್ ಎಂದು ಬರೆದರು. ಒಳ್ಳೆಯ ಉದ್ದೇಶವೇ. ಆದರೆ ಮುಂದೆ ಹುಡುಕುವವರು ತಪ್ಪು ಕಪಾಟಿನ ಮುಂದೆ ನಿಲ್ಲುತ್ತಾರೆ. ಏಷ್ಯನ್ ಗೇಮ್ಸ್‌ನ ಫಲಿತಾಂಶದಲ್ಲಿ ಹೆಸರಿಲ್ಲ ಎಂದು ಯಾರಾದರೂ ಅನುಮಾನಪಟ್ಟರೆ ಆ ಅನುಮಾನ ಕ್ರೀಡಾಪಟುವಿನ ತಲೆಗೆ ಬರುತ್ತದೆ, ವರದಿಗಾರರ ತಲೆಗಲ್ಲ.

ಅವೇ ಬರಹಗಳಲ್ಲಿ ಬರುವ ಉಳಿದ ಕೂಟಗಳನ್ನೂ ಇದೇ ರೀತಿ ತಾಳೆ ನೋಡುತ್ತ ಹೋದೆ. ಡೆನ್ಮಾರ್ಕ್ ಮತ್ತು ಆಸ್ಟ್ರೇಲಿಯಾದ ವಿಶ್ವ ಮಾಸ್ಟರ್ಸ್ ಎಂದರೆ 1989ರ ಡೆನ್ಮಾರ್ಕ್ ಕೂಟ, 1994ರ ಬ್ರಿಸ್ಬೇನ್ ಕೂಟ. ಎರಡೂ ಹೊಂದುತ್ತವೆ. ಆಸ್ಟ್ರೇಲಿಯಾದ ಕಾಮನ್‌ವೆಲ್ತ್ ಎಂದದ್ದು 2006ರ ಮೆಲ್ಬರ್ನ್‌ಗೆ ಹೊಂದುತ್ತದೆ. ಅಂಗವಿಕಲರ ಸ್ಪರ್ಧೆಗಳು ಕಾಮನ್‌ವೆಲ್ತ್‌ನ ಮುಖ್ಯ ಪದಕಪಟ್ಟಿಗೆ ಸೇರಿದ್ದೇ 2002ರ ಮ್ಯಾಂಚೆಸ್ಟರ್‌ನಿಂದ. ಪ್ಯಾರಾಲಿಂಪಿಕ್ಸ್‌ಗೆ ಬಂದರೆ ಇನ್ನೊಂದು ವಿಚಿತ್ರ. ಭಾರತದ ಪದಕಗಳು 1972ರಲ್ಲಿ ಮುರಳಿಕಾಂತ್ ಪೇಟ್ಕರ್ ಅವರ ಈಜಿನ ಚಿನ್ನದಿಂದ ಶುರುವಾಗುತ್ತವೆ. 1984ರಲ್ಲಿ ನಾಲ್ಕು ಬಂದವು. ಆಮೇಲೆ ಸೋಲ್, ಬಾರ್ಸಿಲೋನಾ, ಅಟ್ಲಾಂಟಾ, ಸಿಡ್ನಿ, ನಾಲ್ಕು ಕೂಟ ಬರಿಗೈ. 2004ರಲ್ಲಿ ದೇವೇಂದ್ರ ಝಝಾರಿಯಾ ಅವರ ಚಿನ್ನ, ರಾಜಿಂದರ್ ಸಿಂಗ್ ರಹೇಲು ಅವರ ಕಂಚು. 2008ರಲ್ಲಿ ಮತ್ತೆ ಏನೂ ಇಲ್ಲ. ಅಂದರೆ ಮಾಲತಿ ಅವರ ಬಹುಪಾಲು ಕ್ರೀಡಾಬದುಕು ಬಿದ್ದದ್ದು ಪದಕವಿಲ್ಲದ ಈ ವರ್ಷಗಳಲ್ಲಿ. ಪದಕ ಗೆದ್ದವರನ್ನಷ್ಟೇ ನೆನಪಿಡುವ ಪಟ್ಟಿಗೆ ಅವರು ಸೊನ್ನೆ. ಊರಿನ ನೆನಪಿಗೆ 389.

ಈ ಎರಡು ಅಂಕಿಗಳಲ್ಲಿ ಯಾವುದು ನಿಜ? ಎರಡೂ ನಿಜವಾಗಿರಬಹುದು. ಒಂದು ಕೂಟದಲ್ಲಿ ಒಬ್ಬ ಕ್ರೀಡಾಪಟು ನಾಲ್ಕು ಸ್ಪರ್ಧೆಗೆ ಇಳಿದು ನಾಲ್ಕನ್ನೂ ಗೆದ್ದರೆ 389 ಚಿನ್ನಕ್ಕೆ ಹತ್ತಿರ ಹತ್ತಿರ ನೂರು ಕೂಟ ಬೇಕು. ಮೂವತ್ತು ವರ್ಷದ ಆಟವೆಂದರೆ ವರ್ಷಕ್ಕೆ ಮೂರು ನಾಲ್ಕು ಕೂಟ: ರಾಜ್ಯದ್ದೊಂದು, ರಾಷ್ಟ್ರದ್ದೊಂದು, ಸಂಘ ಸಂಸ್ಥೆಗಳದ್ದು ಒಂದೆರಡು. ನಂಬಲಾಗದ ಲೆಕ್ಕವೇನಲ್ಲ. ನನ್ನನ್ನು ಕಾಡಿದ್ದು ಚಿನ್ನದ ಸಂಖ್ಯೆಯಲ್ಲ, ಬೆಳ್ಳಿ ಕಂಚಿನದು. 421 ಪದಕಗಳಲ್ಲಿ ಬೆಳ್ಳಿ 27, ಕಂಚು 5. ನೂರಕ್ಕೆ ತೊಂಬತ್ತೆರಡು ಚಿನ್ನ! ಎಂಥ ಪ್ರತಿಭಾವಂತರಾದರೂ ಮೂವತ್ತು ವರ್ಷದಲ್ಲಿ ಕೈ ನೋಯುವ ದಿನಗಳಿರುತ್ತವೆ, ಗಾಳಿ ಎದುರು ಬೀಸುವ ದಿನಗಳಿರುತ್ತವೆ, ತಮಗಿಂತ ಹತ್ತು ವರ್ಷ ಚಿಕ್ಕವರು ಬಂದು ಹಿಂದಿಕ್ಕುವ ದಿನಗಳಿರುತ್ತವೆ. ಇಲ್ಲಿ ಅಂಥವು ತೀರ ಕಡಿಮೆ. ಹಿಂದಿಕ್ಕುವವರು ಮೈದಾನಕ್ಕೇ ಬರುತ್ತಿರಲಿಲ್ಲ ಎಂದೇ ನನ್ನ ತೀರ್ಮಾನ. ಇದು ಮಾಲತಿ ಅವರ ಸಾಧನೆಯನ್ನು ಕುಗ್ಗಿಸುವ ಮಾತಲ್ಲ. ಅವರ ಜೊತೆ ಸ್ಪರ್ಧಿಸಬೇಕಿದ್ದ ಹೆಣ್ಣುಮಕ್ಕಳು ಮನೆಯಲ್ಲೇ ಉಳಿದರು ಎಂಬುದನ್ನು ಆ 389 ತಾನೇ ಹೇಳುತ್ತಿದೆ.

ಬರುವುದಾದರೂ ಸುಲಭವೇ? ಕೂತು ಎಸೆಯುವ ಸ್ಪರ್ಧೆಯನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು. ವೃತ್ತದೊಳಗೆ ಕಬ್ಬಿಣದ ಚೌಕಟ್ಟಿನ ಕುರ್ಚಿಯೊಂದನ್ನು ತಂದಿಟ್ಟು, ನಾಲ್ಕೂ ಕಡೆಯಿಂದ ಪಟ್ಟಿ ಹಾಕಿ ನೆಲದ ಕೊಂಡಿಗಳಿಗೆ ಬಿಗಿಯುತ್ತಾರೆ. ಕೂರುವ ಜಾಗ ನೆಲದಿಂದ 75 ಸೆಂಟಿಮೀಟರ್ ಮೀರಬಾರದು. ಕ್ರೀಡಾಪಟುವನ್ನು ಎತ್ತಿ ಕೂರಿಸಬೇಕು, ತೊಡೆ ಕಾಲುಗಳನ್ನು ಪಟ್ಟಿಯಿಂದ ಬಿಗಿಯಬೇಕು. ಕೆಲವರಿಗೆ ಇನ್ನೊಂದು ಕೈಯಲ್ಲಿ ಹಿಡಿದುಕೊಳ್ಳಲು ಒಂದು ಕಂಬಿ ಇರುತ್ತದೆ. ಗುಂಡು ಕೈ ಬಿಡುವ ತನಕ ಪೃಷ್ಠ ಕುರ್ಚಿಯಿಂದ ಏಳಕೂಡದು. ಎದ್ದರೆ ತೀರ್ಪುಗಾರರ ಕೆಂಪು ಬಾವುಟ. ಪ್ರತಿಯೊಬ್ಬರಿಗೂ ಇಷ್ಟೆಲ್ಲ ಬಿಚ್ಚಿ ಕಟ್ಟಬೇಕಾದ್ದರಿಂದ ಸರದಿ ಬಂದವರು ತಮ್ಮ ಎಸೆತಗಳನ್ನು ಒಂದರ ಹಿಂದೊಂದು ಮುಗಿಸುತ್ತಾರೆ, ನಡುವೆ ತೋಳಿಗೆ ಹೆಚ್ಚು ಬಿಡುವಿಲ್ಲ. ಓಟದ ಕುರ್ಚಿಯದು ಬೇರೆ ಕಥೆ. ಮುಂದೆ ಒಂದು ಸಣ್ಣ ಗಾಲಿ, ಹಿಂದೆ ಓರೆಯಾಗಿ ನಿಂತ ಎರಡು ದೊಡ್ಡ ಗಾಲಿ. ಗಾಲಿಯ ಹೊರಗಿನ ಬಳೆಯನ್ನು ಕೈಗವಸಿನಿಂದ ಗುದ್ದಿ ಗುದ್ದಿ ತಳ್ಳಬೇಕು. ಇಂಥ ಕುರ್ಚಿಯನ್ನು ಮನೆಯವರು ಕೊಡಿಸಬೇಕು, ಇಲ್ಲವೇ ಯಾರಾದರೂ ಕೊಡಿಸಬೇಕು. ಬಸ್ಸಿನ ಮೇಲೆ ಹಾಕಿಕೊಂಡು ಊರಿಂದೂರಿಗೆ ಒಯ್ಯಬೇಕು. ಕಲ್ಯಾಣದುರ್ಗದ ಬಸ್ ನಿಲ್ದಾಣದಲ್ಲಿ ಅದನ್ನು ಯಾರು ಏರಿಸುತ್ತಾರೆ, ಯಾರು ಇಳಿಸುತ್ತಾರೆ?

ಗಡಿಯವರನ್ನು ಕಾಡುವ ಇನ್ನೊಂದು ಅಡ್ಡಗೋಡೆ ಕಾಗದದ್ದು. ರಾಷ್ಟ್ರೀಯ ಕೂಟಕ್ಕೆ ಹೋಗುವ ದಾರಿ ರಾಜ್ಯದ ತಂಡ. ಹಿಂದೂಪುರದ ಹುಡುಗಿಗೆ ಬೆಂಗಳೂರಿನ ಕಂಠೀರವ ಕ್ರೀಡಾಂಗಣ ಎಷ್ಟು ಹತ್ತಿರವಿದ್ದರೂ ಅವಳ ವಾಸದ ಪತ್ರ ಆಂಧ್ರದ್ದು. ಆಯ್ಕೆಗೆ ಹೋಗಬೇಕಾದ್ದು ಅಷ್ಟು ದೂರದ ಹೈದರಾಬಾದಿನ ಕಡೆಗೆ, 2014ರ ವಿಭಜನೆಯ ನಂತರ ಕೃಷ್ಣಾ ತೀರದ ಕಡೆಗೆ. ಆಡುವ ಮಾತು ಕನ್ನಡ, ಹತ್ತಿರದ ಮೈದಾನ ಕರ್ನಾಟಕದ್ದು, ಅರ್ಜಿ ಮಾತ್ರ ತೆಲುಗಿನಲ್ಲಿ. ಪಾವಗಡದವರದು ಇದರ ತಿರುವುಮುರುವು: ಸುತ್ತಲೂ ಆಂಧ್ರದ ಹಳ್ಳಿಗಳು, ದಾಖಲೆ ಕರ್ನಾಟಕದ್ದು. ಹುಡುಕುವವರಿಗೂ ಇದೇ ಗೋಳು. ಅನಂತಪುರ 1953ರವರೆಗೆ ಮದರಾಸು, ಆಮೇಲೆ ಆಂಧ್ರ, 1956ರಿಂದ ಆಂಧ್ರಪ್ರದೇಶ. 2022ರ ಏಪ್ರಿಲ್‌ನಲ್ಲಿ ಹಿಂದೂಪುರ ಹೊಸ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ನಾನು ಒಟ್ಟಿಗೆ ಹೇಳುತ್ತಿರುವ ಈ ಎರಡು ಊರುಗಳು ಈಗ ಎರಡು ಜಿಲ್ಲೆಯ ಕಡತಗಳು.

ಈ ಬಯಲುಸೀಮೆಯಲ್ಲಿ ಅಂಗವಿಕಲರ ಬಳಿಗೆ ಮೊದಲು ಹೋದದ್ದು ಕ್ರೀಡಾ ಸಂಸ್ಥೆಯಲ್ಲ. ವಿನ್ಸೆಂಟ್ ಫೆರರ್, ಆನ್ ಫೆರರ್ ದಂಪತಿ 1969ರಲ್ಲಿ ಅನಂತಪುರದಲ್ಲಿ ಶುರುಮಾಡಿದ ರೂರಲ್ ಡೆವಲಪ್‌ಮೆಂಟ್ ಟ್ರಸ್ಟ್, ಊರವರ ಬಾಯಲ್ಲಿ ಆರ್‌ಡಿಟಿ. ಬತ್ತಲಪಲ್ಲಿ, ಕಲ್ಯಾಣದುರ್ಗ, ಕಣೇಕಲ್ಲಿನಲ್ಲಿ ಅದರ ಆಸ್ಪತ್ರೆಗಳಿವೆ. ಹಳ್ಳಿಗಳಲ್ಲಿ ಅಂಗವಿಕಲರ ಸಂಘಗಳನ್ನು ಕಟ್ಟಿಸಿದ್ದೂ ಅದೇ, ಅನಂತಪುರದಲ್ಲಿ ಕ್ರೀಡಾಗ್ರಾಮ ಮಾಡಿದ್ದೂ ಅದೇ. ಅತ್ತ ಬೆಂಗಳೂರಿನಲ್ಲಿ ಮಾಲತಿ ಹೊಳ್ಳ ಮಾತೃ ಫೌಂಡೇಷನ್ ಎಂಬ ಆಶ್ರಯ ಕಟ್ಟಿದರು. ದಕ್ಷಿಣ ಭಾರತದ ಹಳ್ಳಿಗಳಲ್ಲಿ ಪೋಲಿಯೊ ಬಡಿದ, ಓದಿಗೂ ಚಿಕಿತ್ಸೆಗೂ ಮನೆಯಲ್ಲಿ ಗತಿಯಿಲ್ಲದ ಮಕ್ಕಳೇ ಅಲ್ಲಿ ಹೆಚ್ಚು. ಸ್ಪರ್ಧೆಯ ದಿನಗಳಲ್ಲಿ ತಮ್ಮ ಪಕ್ಕ ಇಲ್ಲದವರನ್ನು ಅವರು ಆಮೇಲೆ ಹುಡುಕಿ ಮನೆಗೇ ಕರೆತಂದರು ಎಂದು ನಾನು ಇದನ್ನು ಓದಿಕೊಳ್ಳುತ್ತೇನೆ. ಪದವಿ, ಕುರ್ಚಿ, ಲೆಟರ್‌ಹೆಡ್ ಯಾವುದೂ ಇಲ್ಲದ ಆಡಳಿತ ಇದು.

ಲೆಟರ್‌ಹೆಡ್ ಇರುವ ಆಡಳಿತದ ಬೇರೂ ಕರ್ನಾಟಕದಲ್ಲೇ ಇದೆ. ಈಗಿನ ಭಾರತ ಪ್ಯಾರಾಲಿಂಪಿಕ್ ಸಮಿತಿ 1990ರ ದಶಕದಲ್ಲಿ ಅಂಗವಿಕಲರ ಕ್ರೀಡಾ ಒಕ್ಕೂಟವಾಗಿ ಶುರುವಾದಾಗ ಅದರ ಸ್ಥಾಪಕ ಕಾರ್ಯದರ್ಶಿ ಎಂ. ಮಹಾದೇವ, ಅರ್ಜುನ ಪ್ರಶಸ್ತಿ ಪಡೆದ ಕ್ರೀಡಾಪಟು. ಆಡಿದವರೇ ಆಡಳಿತಕ್ಕೆ ಬರುವ ಮಾದರಿ ಹೀಗೆ ಮೊದಲ ದಿನದಿಂದಲೂ ಇತ್ತು. ನಡುವೆ ಅದು ಕೈತಪ್ಪಿತು. 2015ರಲ್ಲಿ ಗಾಜಿಯಾಬಾದಿನ ರಾಷ್ಟ್ರೀಯ ಪ್ಯಾರಾ ಅಥ್ಲೆಟಿಕ್ಸ್‌ನಲ್ಲಿ ವಸತಿಯೂ ಶೌಚಾಲಯವೂ ಹೇಗಿದ್ದವೆಂದು ಇಡೀ ದೇಶ ನೋಡಿತು. ಗಾಲಿಕುರ್ಚಿ ಒಳಗೆ ಹೋಗದ ಶೌಚಾಲಯ, ಗಾಲಿಕುರ್ಚಿಯವರ ಕೂಟಕ್ಕೆ! ಅದೇ ವರ್ಷ ಅಂತರರಾಷ್ಟ್ರೀಯ ಪ್ಯಾರಾಲಿಂಪಿಕ್ ಸಮಿತಿ ಭಾರತದ ಸಮಿತಿಯನ್ನು ಅಮಾನತಿನಲ್ಲಿಟ್ಟಿತು.

ಆಮೇಲಿನ ತಿರುವಿಗೆ ದೀಪಾ ಮಲಿಕ್ ಅವರ ಕಡತ ನೋಡಬೇಕು. ಹರಿಯಾಣದವರು, ಸೈನಿಕರ ಮನೆತನ. ಬೆನ್ನುಹುರಿಯ ಗೆಡ್ಡೆಯ ಶಸ್ತ್ರಚಿಕಿತ್ಸೆಯಿಂದ 1999ರಲ್ಲಿ ಎದೆಯಿಂದ ಕೆಳಗೆ ಸ್ವಾಧೀನ ಹೋಯಿತು. 2016ರ ರಿಯೊದಲ್ಲಿ ಎಫ್53 ವರ್ಗದ ಗುಂಡು ಎಸೆತದಲ್ಲಿ 4.61 ಮೀಟರ್ ಎಸೆದು ಬೆಳ್ಳಿ ಗೆದ್ದರು. ಪ್ಯಾರಾಲಿಂಪಿಕ್ಸ್ ಪದಕ ಗೆದ್ದ ಮೊದಲ ಭಾರತೀಯ ಮಹಿಳೆ. ಅವರ ಕಡತದಲ್ಲೂ ನಾನು ಮೊದಲು ಕಣ್ಣು ಹಾಯಿಸಿದ್ದು ಪಕ್ಕದವರ ಕಡೆಗೇ. 2018ರ ಜಕಾರ್ತಾ ಏಷ್ಯನ್ ಪ್ಯಾರಾ ಗೇಮ್ಸ್‌ನಲ್ಲಿ ಅವರ ಜಾವೆಲಿನ್ ಕಂಚು ಎಫ್53, 54 ಎರಡು ವರ್ಗ ಸೇರಿಸಿದ ಸ್ಪರ್ಧೆಯದ್ದು. ಡಿಸ್ಕಸ್ ಕಂಚು ಎಫ್51, 52, 53 ಮೂರನ್ನೂ ಸೇರಿಸಿದ್ದು. ಅಂಕಿ ಚಿಕ್ಕದಾದಷ್ಟೂ ದೇಹದ ಕಷ್ಟ ಹೆಚ್ಚು. ಬೇರೆ ಬೇರೆ ನಡೆಯಬೇಕಾದ ವರ್ಗಗಳನ್ನು ಹೀಗೆ ಕೂಡಿಸುವುದು ಸಾಮಾನ್ಯವಾಗಿ ಒಂದೊಂದರಲ್ಲೂ ಸಾಕಷ್ಟು ಜನ ಇಲ್ಲದಾಗ. ಇಡೀ ಏಷ್ಯಾಕ್ಕೆ, ಅದೂ 2018ರಲ್ಲಿ, ಈ ಸ್ಥಿತಿ ಎಂದರೆ 1980, 90ರ ದಶಕದ ನಮ್ಮ ರಾಜ್ಯಕೂಟಗಳಲ್ಲಿ ಎಷ್ಟು ಜನ ಇದ್ದಿರಬಹುದು?

2020ರ ಆರಂಭದಲ್ಲಿ ದೀಪಾ ಸಮಿತಿಯ ಅಧ್ಯಕ್ಷೆಯಾದರು. ಆಡುತ್ತಿರುವವರು ಒಕ್ಕೂಟದ ಹುದ್ದೆ ಹಿಡಿಯಬಾರದೆಂದು ಆಗಿನ ರಾಷ್ಟ್ರೀಯ ಕ್ರೀಡಾ ಸಂಹಿತೆ ಹೇಳುತ್ತಿತ್ತು. ಅದಕ್ಕಾಗಿ 2019ರ ಸೆಪ್ಟೆಂಬರಿನಲ್ಲೇ ನಿವೃತ್ತಿ ಪತ್ರ ಕೊಟ್ಟಿದ್ದೆ ಎಂದು 2020ರ ಮೇ ತಿಂಗಳಲ್ಲಿ ತಿಳಿಸಿದರು. ಆಡುವುದೋ ಆಳುವುದೋ, ಒಂದನ್ನು ಬಿಟ್ಟರೆ ಮಾತ್ರ ಇನ್ನೊಂದು. ನಿಯಮ ಸರಿಯೇ ಇರಬಹುದು, ಆದರೆ ಗಾಲಿಕುರ್ಚಿಯ ಕ್ರೀಡಾಪಟುಗಳು ಐವತ್ತರ ಹತ್ತಿರವೂ ಎಸೆಯುತ್ತಾರೆ. ಮೈದಾನದ ಶೌಚಾಲಯ ಹೇಗಿದೆ ಎಂದು ಚೆನ್ನಾಗಿ ಬಲ್ಲವರನ್ನೇ ಅದು ಸಭೆಯ ಮೇಜಿನಿಂದ ದೂರ ಇಡುತ್ತಿತ್ತು. 2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಒಕ್ಕೂಟಗಳ ಕಾರ್ಯಕಾರಿ ಸಮಿತಿಯಲ್ಲಿ ಸಾಧಕ ಕ್ರೀಡಾಪಟುಗಳಿಗೂ ಮಹಿಳೆಯರಿಗೂ ಸ್ಥಾನ ಇರಲೇಬೇಕೆಂದು ಹೇಳಿದ್ದು ಇದಕ್ಕೆ ಸ್ವಲ್ಪ ಮದ್ದು.

ದೀಪಾ ಅವರ ಅವಧಿಯಲ್ಲಿ ಟೋಕಿಯೊಗೆ 54 ಜನ ಹೋದರು. ರಿಯೊಗೆ ಹೋದವರು 19. ಪದಕ ನಾಲ್ಕರಿಂದ 19ಕ್ಕೆ ಏರಿತು. ಕನ್ನಡಿಗ ಐಎಎಸ್ ಅಧಿಕಾರಿ ಸುಹಾಸ್ ಯತಿರಾಜ್ ಬ್ಯಾಡ್ಮಿಂಟನ್ ಬೆಳ್ಳಿ ಗೆದ್ದದ್ದು ಅಲ್ಲೇ, ಆಗ ಅವರು ಉತ್ತರಪ್ರದೇಶದಲ್ಲಿ ಜಿಲ್ಲಾಧಿಕಾರಿ. 2024ರ ಮಾರ್ಚ್‌ನಲ್ಲಿ ದೀಪಾ ಅವರ ಜಾಗಕ್ಕೆ ಬಂದವರು ದೇವೇಂದ್ರ ಝಝಾರಿಯಾ, ಅವರೂ ಆಡಿಯೇ ಬಂದವರು. ಪ್ಯಾರಿಸ್‌ಗೆ 84 ಜನ, ಪದಕ 29. ನನಗೆ ಇವೆಲ್ಲಕ್ಕಿಂತ ಮುಖ್ಯವಾಗಿ ಕಂಡ ಅಂಕಿ ಇನ್ನೊಂದು: ಟೋಕಿಯೊ ತಂಡದಲ್ಲಿ ಹೆಂಗಸರು 14, ಪ್ಯಾರಿಸ್‌ನಲ್ಲಿ 32. ಪಕ್ಕದ ಕುರ್ಚಿಗಳು ತುಂಬತೊಡಗಿವೆ. ಚಿನ್ನದ ಜೊತೆಗೆ ಬೆಳ್ಳಿ ಕಂಚೂ ಕೂಡುತ್ತಿರುವುದನ್ನು ಒಳ್ಳೆಯ ಲಕ್ಷಣವೆಂದೇ ನಾನು ಬರೆದುಕೊಂಡಿದ್ದೇನೆ.

ಇಷ್ಟರಲ್ಲಿ ಇನ್ನೊಂದು ಬದಲಾವಣೆ ಸದ್ದಿಲ್ಲದೆ ಆಗಿಹೋಗಿದೆ. ದೇಶದ ಕೊನೆಯ ಪೋಲಿಯೊ ಪ್ರಕರಣ 2011ರ ಜನವರಿಯದ್ದು. 2014ರ ಮಾರ್ಚ್ 27ರಂದು ನಮ್ಮ ವಲಯ ಪೋಲಿಯೊಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ಮಾಲತಿ ಅವರ ಪೀಳಿಗೆಯ ಗಾಲಿಕುರ್ಚಿ ಕ್ರೀಡಾಪಟುಗಳಂಥವರು ಇನ್ನು ಬರುವುದಿಲ್ಲ, ಬರದಿರುವುದೇ ಒಳ್ಳೆಯದು. ಮುಂದಿನವರು ಹೆಚ್ಚಾಗಿ ಅಪಘಾತದಿಂದ, ಬೆನ್ನುಹುರಿಯ ಗಾಯದಿಂದ ಬರುವವರು. ಆ ಹಿಂದಿನ ಪೀಳಿಗೆಯ ನೆನಪು ಹೆಚ್ಚೆಂದರೆ ಇನ್ನೆರಡು ದಶಕ ಮನೆಗಳಲ್ಲಿ ಉಳಿದೀತು.

ಅದಕ್ಕೇ ಈ ವಿನಂತಿ. ಹಿಂದೂಪುರ, ಕಲ್ಯಾಣದುರ್ಗ, ಮಡಕಶಿರಾ, ರಾಯದುರ್ಗ, ಪಾವಗಡದ ಕಡೆಯವರೇ, ನಿಮ್ಮ ಮನೆಯಲ್ಲೋ ಓಣಿಯಲ್ಲೋ ಕ್ಯಾಲಿಪರ್ ಹಾಕಿಕೊಂಡೋ ಗಾಲಿಕುರ್ಚಿಯಲ್ಲೋ ಆಟಕ್ಕೆ ಹೋಗಿಬಂದ ಅಕ್ಕ, ಅತ್ತೆ, ಮಾವ ಇದ್ದರೆ ಅವರ ಸರ್ಟಿಫಿಕೇಟುಗಳನ್ನು ಟ್ರಂಕಿನಿಂದ ಹೊರಗೆ ತೆಗೆಯಿರಿ. ಮುಂದೆ ಹಿಂದೆ ಎರಡೂ ಕಡೆ ಫೋಟೊ ತೆಗೆದಿಡಿ. ಯಾವ ವರ್ಷ, ಯಾವ ಊರು, ಯಾವ ವರ್ಗ, ಎಷ್ಟು ಜನ ಸ್ಪರ್ಧಿಸಿದ್ದರು ಎಂದು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಿ. ಎರಡನೇ ಸ್ಥಾನದ ಸರ್ಟಿಫಿಕೇಟನ್ನು, ಬರೀ ಭಾಗವಹಿಸಿದ್ದಕ್ಕೆ ಕೊಟ್ಟದ್ದನ್ನು ಎಸೆಯಬೇಡಿ. ನಾನು ಹುಡುಕುತ್ತಿರುವುದು ಅದನ್ನೇ. ಒಂದು ಪ್ರತಿಯನ್ನು ನಿಮ್ಮ ಊರಿನ ಗ್ರಂಥಾಲಯಕ್ಕೆ, ಇನ್ನೊಂದನ್ನು ಹತ್ತಿರದ ಕಾಲೇಜಿನ ದೈಹಿಕ ಶಿಕ್ಷಣ ವಿಭಾಗಕ್ಕೆ ಕೊಡಿ.